ಬಿಡದ ಮುಷ್ಟಿ

ತಂಗಿಯ ಮಗನಿಗೆ ಆಗ 22 ದಿನ. ಬಾಣಂತನಕ್ಕೆ ಅವಳು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ನಾನೂ ಬೆಂಗಳೂರಿನಿಂದ ಒಂದು ವಾರ ರಜೆ ಹಾಕಿ ಹೋಗಿದ್ದೆ. ಹೊರಗೆ ಆಷಾಢದ ಮಳೆ, ಬಚ್ಚಲಮನೆಯಲ್ಲಿ ಹಂಡೆ ತುಂಬ ಬಿಸಿನೀರು. ಅಜ್ಜಿಗೆ ಎಂಬತ್ತು ದಾಟಿದೆ. ಆದರೂ ಕೂಸು ಮೀಯಿಸುವ ಕೆಲಸವನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ಮಣೆ ಮೇಲೆ ಕೂತು, ಎರಡೂ ಕಾಲು ಚಾಚಿ, ಕಾಲಿನ ಮೇಲೆ ಕೂಸನ್ನು ಅಂಗಾತ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾಳೆ. ನೀರು ತೋಡಿ ತೋಡಿ ಕೊಡುವುದು ನನ್ನ ಕೆಲಸ. ಒಂದು ಚೊಂಬು ಕೊಡಲು ಬಗ್ಗಿದಾಗ ನನ್ನ ಜಡೆ ಹೆಗಲಿನಿಂದ ಜಾರಿ ಅವನ ಎದೆ ಮೇಲೆ ಬಿತ್ತು. ಹಿಡಿದೇಬಿಟ್ಟ. ಎಣ್ಣೆ ಮೆತ್ತಿದ ಅಂಗೈ, ಜಾರಬೇಕಿತ್ತು. ಜಾರಲಿಲ್ಲ. ನಾನು ತಲೆ ಎತ್ತಲು ಹೋದರೆ ಅವನ ತೋಳು, ಭುಜ ಎಲ್ಲ ಜಡೆಯ ಜೊತೆ ಮೇಲೆ ಬಂದವು. ಹೆದರಿ ಹಾಗೇ ಬಗ್ಗಿ ನಿಂತೆ. ಬೆರಳು ಒಂದೊಂದೇ ಬಿಡಿಸಲು ನೋಡಿದೆ. ಒಂದು ಬಿಡಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲಿನದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. "ಎಳಿಬೇಡ ಕಣೆ," ಅಂದಳು ಅಜ್ಜಿ. "ಎಳೆದಷ್ಟೂ ಗಟ್ಟಿ ಹಿಡೀತಾನೆ. ಕೈ ಬೆನ್ನು ಸವರು, ತಾನೇ ಬಿಡ್ತಾನೆ." ಮುಷ್ಟಿಯ ಹಿಂಬದಿಯನ್ನು ಮಣಿಕಟ್ಟಿನ ಕಡೆಯಿಂದ ಮೆಲ್ಲಗೆ ಸವರಿದೆ. ಬೆರಳುಗಳು ಬಿಚ್ಚಿಕೊಂಡವು.

ಯಾಕೆ ಹೀಗೆ ಅಂತ ಅಜ್ಜಿಯನ್ನು ಕೇಳಿದೆ. "ಹುಟ್ಟಿದ ಕೂಸೆಲ್ಲ ಹಂಗೇ," ಅಂದು ಕಿವಿಗೆ ನೀರು ಹೋಗದ ಹಾಗೆ ಕೈ ಅಡ್ಡ ಹಿಡಿದು ತಲೆಗೆ ನೀರು ಹೊಯ್ದಳು. ಅವಳ ಮಟ್ಟಿಗೆ ಅದು ಮುಗಿದ ಮಾತು. ನನಗೆ ಮುಗಿಯಲಿಲ್ಲ. ಆ ಕೂಸಿಗೆ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಕುಡಿದ ಹಾಲು ಅರ್ಧ ಕಟಬಾಯಿಯಿಂದ ಹೊರಗೆ ಬರುತ್ತಿತ್ತು. ಎದುರಿಗಿರುವ ಮುಖವೇ ಸರಿಯಾಗಿ ಕಾಣುವ ವಯಸ್ಸಲ್ಲ ಅದು. ಮೈಯಲ್ಲಿ ಬೇರೆ ಯಾವ ಭಾಗಕ್ಕೂ ಇಲ್ಲದ ಬಲ ಆ ಅಂಗೈಗೆ ಮಾತ್ರ ಎಲ್ಲಿಂದ ಬಂತು? ತಂಗಿ ತನ್ನ ಕರಿಮಣಿ ಸರವನ್ನು ಆಗಲೇ ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದಳು. ಹಾಲು ಕುಡಿಯುವಾಗ ಹಿಡಿದು ಎರಡು ಸಲ ಹರಿದಿದ್ದನಂತೆ. ಏನು ಸಿಕ್ಕರೂ ಸರಿ, ಅವನಿಗೆ ಹಿಡಿಯಬೇಕು.

ಬೋರ್ನಿಯೋದ ಕೂಸು

ಡಾರ್ವಿನ್ ಕಾಲದ ಬ್ರಿಟಿಷ್ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್‌ನ 'ಮಲಯ್ ಆರ್ಕಿಪೆಲಗೋ' ಆ ಸಲ ನನ್ನ ಬ್ಯಾಗಿನಲ್ಲಿತ್ತು. ಬಸ್ಸಿನಲ್ಲಿ ಓದೋಣ ಅಂತ ಸುಮ್ನೆ ಹಾಕಿಕೊಂಡಿದ್ದೆ. ಅವತ್ತು ರಾತ್ರಿ ಕರೆಂಟು ಹೋಗಿತ್ತು. ಎಮರ್ಜೆನ್ಸಿ ಲೈಟಿನಲ್ಲಿ ಪುಟ ತಿರುಗಿಸುತ್ತಿದ್ದಾಗ ಒರಾಂಗುಟಾನ್ ಅನ್ನುವ ದೊಡ್ಡ ವಾನರದ ಬಗ್ಗೆ ಬರೆದ ಅಧ್ಯಾಯಕ್ಕೆ ಬಂದೆ. ಬೆಳಿಗ್ಗೆ ಬಚ್ಚಲಿನಲ್ಲಿ ನಡೆದದ್ದೇ ಅಲ್ಲಿ ಬರೆದಿತ್ತು.

1855ರಲ್ಲಿ ವ್ಯಾಲೇಸ್ ಬೋರ್ನಿಯೋ ದ್ವೀಪದ ಸರವಾಕ್‌ನಲ್ಲಿದ್ದ. ಸಿಮುಂಜನ್ ಅನ್ನುವ ಕಡೆ ಕಲ್ಲಿದ್ದಲ ಗಣಿಗಾಗಿ ಕಾಡು ಕಡಿಯುತ್ತಿದ್ದರು. ಕಡಿದ ಮರಗಳ ಸುತ್ತ ರಾಶಿ ರಾಶಿ ಹುಳ, ದುಂಬಿ. ಅವನ್ನೆಲ್ಲ ಹಿಡಿದು ಒಣಗಿಸಿ ಇಂಗ್ಲೆಂಡಿಗೆ ಕಳಿಸುವುದೇ ಅವನ ಹೊಟ್ಟೆಪಾಡು. ಒರಾಂಗುಟಾನ್‌ಗಳ ಚರ್ಮ, ಅಸ್ಥಿಪಂಜರಕ್ಕೂ ಅಲ್ಲಿ ಬೆಲೆಯಿತ್ತು. ಹಾಗಾಗಿ ಗುಂಡು ಹೊಡೆಯುತ್ತಿದ್ದ. ಒಂದು ದಿನ ಮರದ ಮೇಲಿದ್ದ ಹೆಣ್ಣೊಂದನ್ನು ಕೊಂದ. ಕೆಳಗೆ ಹೋಗಿ ನೋಡಿದರೆ ಜೌಗು ನೆಲದಲ್ಲಿ ಮುಖ ಕೆಳಗಾಗಿ ಒಂದು ಮರಿ ಬಿದ್ದಿತ್ತು. ಸುಮಾರು ಒಂದು ಅಡಿ ಉದ್ದ. ಹಲ್ಲು ಕೂಡ ಬಂದಿರಲಿಲ್ಲ. ತಾಯಿ ಬೀಳುವಾಗ ಅವಳನ್ನೇ ಅಪ್ಪಿಕೊಂಡಿತ್ತೇನೋ. ಕೆಸರು ತೊಳೆದು ಎತ್ತಿಕೊಂಡು ಹೊರಟಾಗ ಅದರ ಕೈಗೆ ಅವನ ಗಡ್ಡ ಸಿಕ್ಕಿತು. ಬಿಡಿಸಿಕೊಳ್ಳುವುದು ದೊಡ್ಡ ಪಾಡಾಯಿತು ಅಂತ ಬರೆದಿದ್ದಾನೆ. ಮೊದಲ ಕೆಲವು ದಿನ ನಾಲ್ಕೂ ಕೈಗಳಿಂದ, ಅಂದರೆ ಕಾಲುಗಳಿಂದಲೂ, ಸಿಕ್ಕಿದ್ದನ್ನೆಲ್ಲ ಹಿಡಿದುಕೊಳ್ಳುತ್ತಿತ್ತಂತೆ. ಅದರಲ್ಲೂ ಕೂದಲು ಸಿಕ್ಕರಂತೂ ಬಿಡುತ್ತಲೇ ಇರಲಿಲ್ಲ. ಗಡ್ಡಕ್ಕೆ ಕೈ ಹಾಕಿತು ಅಂದರೆ ಇನ್ನೊಬ್ಬರು ಬಂದು ಬಿಡಿಸಬೇಕು.

ಅಲ್ಲಿ ಹಾಲು ಸಿಗುತ್ತಿರಲಿಲ್ಲ. ಬಾಟಲಿಯ ಬಿರಡೆಗೆ ಹಕ್ಕಿಗರಿಯ ಕೊಳವೆ ಸಿಕ್ಕಿಸಿ ಗಂಜಿತಿಳಿ ಕುಡಿಸಿದ. ಆಗಾಗ ಅದಕ್ಕೆ ಸಕ್ಕರೆ, ಕಾಯಿಹಾಲು ಬೆರೆಸಿದ. ಪುಟ್ಟ ಪೆಟ್ಟಿಗೆಯೊಳಗೆ ಚಾಪೆ ಹಾಸಿ ತೊಟ್ಟಿಲು ಮಾಡಿದ. ದಿನಾ ಮೈ ತೊಳೆದು, ಒರೆಸಿ, ಕೂದಲು ಬಾಚುತ್ತಿದ್ದ. ಬಾಚುವಾಗ ಅದು ತೆಪ್ಪಗೆ ಮಲಗುತ್ತಿತ್ತಂತೆ. ಕೂದಲೆಂದರೆ ಅದಕ್ಕೆ ಇಷ್ಟು ಆಸೆಯಿದೆಯಲ್ಲ ಅಂತ ಎಮ್ಮೆ ಚರ್ಮದ ಒಂದು ತುಂಡನ್ನು ಸುತ್ತಿ, ಗಂಟಿನ ಹಾಗೆ ಮಾಡಿ, ನೆಲದಿಂದ ಒಂದು ಅಡಿ ಎತ್ತರಕ್ಕೆ ನೇತುಹಾಕಿದ. ಒಂದು ಸುಳ್ಳು ತಾಯಿ. ಮರಿ ಅದನ್ನು ಅಪ್ಪಿಕೊಂಡಿತು. ಎಲ್ಲಿ ಕೈಯಿಟ್ಟರೂ ಕೂದಲು, ಎಲ್ಲಿ ಕಾಲಿಟ್ಟರೂ ಕೂದಲು. ಇನ್ನು ಇದು ಸುಖವಾಗಿರುತ್ತದೆ ಅಂತ ಅವನಿಗೆ ಅನ್ನಿಸಿತು. ಆದರೆ ಸ್ವಲ್ಪ ಹೊತ್ತಿಗೆ ಅದಕ್ಕೆ ತಾಯಿಯ ನೆನಪಾಯಿತು. ಮೊಲೆ ಹುಡುಕತೊಡಗಿತು. ಚರ್ಮಕ್ಕೆ ಮೈ ಒತ್ತಿಕೊಂಡು ಅಲ್ಲಿ ಇಲ್ಲಿ ಬಾಯಿ ಹಾಕಿತು. ಬಾಯಿ ತುಂಬ ಬರೀ ಕೂದಲು ಬಂತು. ಚೀರಿತು. ಮತ್ತೆ ಹುಡುಕಿತು. ಒಂದು ದಿನ ಕೂದಲು ಗಂಟಲಿಗೆ ಸಿಕ್ಕಿ ಸತ್ತೇಹೋಗುತ್ತೇನೋ ಅನ್ನುವಂತಾಯಿತು. ಅವನು ಆ ತಾಯಿಯನ್ನು ಬಿಚ್ಚಿ ಹಾಕಿದ. ಹೆಚ್ಚುಕಡಿಮೆ ಮೂರು ತಿಂಗಳು ಬದುಕಿದ್ದ ಮರಿ ಜ್ವರ ಬಂದು ಸತ್ತಿತು. ಸತ್ತಾಗ ಅದರ ಎತ್ತರ 14 ಇಂಚು. ಅದರ ಚರ್ಮ, ಎಲುಬುಗಳನ್ನೂ ಅವನು ಎತ್ತಿಟ್ಟುಕೊಂಡ.

ಪುಸ್ತಕ ಮಡಚಿಟ್ಟೆ. ತಾಯಿಯನ್ನು ಕೊಂದವನೇ ಕೂಸಿಗೆ ಗಂಜಿತಿಳಿ ಕುಡಿಸಿದ, ಬಾಚಿದ, ಸತ್ತಾಗ ನೊಂದ. ಆ ಕಾಲದ ಎಷ್ಟೋ ವಿಜ್ಞಾನ ಹೀಗೆ ಕೋವಿಯ ತುದಿಯಿಂದಲೇ ಬಂದದ್ದು. ಅವನ ಕೆಲಸವನ್ನು ಎಷ್ಟೇ ಗೌರವಿಸಿದರೂ ಆ ಎಮ್ಮೆ ಚರ್ಮದ ಗಂಟು ನನಗೆ ಮರೆಯಲು ಆಗುವುದಿಲ್ಲ. ಪಕ್ಕದ ಕೋಣೆಯಲ್ಲಿ ತಂಗಿ ಕೂಸಿಗೆ ಹಾಲು ಕೊಡುತ್ತಿದ್ದಳು. ಹೋಗಿ ನೋಡಿದೆ. ಎದೆಯ ಬೆತ್ತಲೆ ಚರ್ಮದ ಮೇಲೆ ಅವನ ಕೈ ಏನನ್ನೋ ತಡಕುತ್ತಿತ್ತು. ಏನೂ ಸಿಗದೆ ಕೊನೆಗೆ ಅವಳ ರವಿಕೆಯ ಅಂಚನ್ನು ಹಿಡಿಯಿತು. ಬೋರ್ನಿಯೋದ ಮರಿಗೆ ಹಿಡಿಯಲು ಕೂದಲು ಸಿಕ್ಕಿತ್ತು, ತಾಯಿ ಇರಲಿಲ್ಲ. ಇವನಿಗೆ ತಾಯಿ ಇದ್ದಾಳೆ.

ಕೋಲಿಗೆ ಜೋತುಬಿದ್ದವರು

ಡಾರ್ವಿನ್‌ಗೂ ಕೂಸುಗಳ ಮೇಲೆ ಒಂದು ಕಣ್ಣಿತ್ತು. 1838ರಲ್ಲಿ ಲಂಡನ್ ಮೃಗಾಲಯದಲ್ಲಿ ಜೆನ್ನಿ ಅನ್ನುವ ಒರಾಂಗುಟಾನ್ ನೋಡಿದ್ದ. ಕಾವಲಿನವನು ಸೇಬು ತೋರಿಸಿ ಕೊಡದೇ ಇದ್ದಾಗ ಅದು ಅಂಗಾತ ಬಿದ್ದು, ಕಾಲು ಬಡಿದು, ಹಟಮಾರಿ ಮಗುವಿನ ಹಾಗೆ ಅತ್ತಿತಂತೆ. ಮರುವರ್ಷ ಡಿಸೆಂಬರಿನಲ್ಲಿ ಅವನಿಗೆ ಮೊದಲ ಮಗ ವಿಲಿಯಂ ಹುಟ್ಟಿದ. ಅಪ್ಪ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತ. ಸೀನು, ಬಿಕ್ಕಳಿಕೆ, ಆಕಳಿಕೆ, ಎಲ್ಲ ಬರೆದುಕೊಂಡ. ಏಳನೇ ದಿನ ಮಗುವಿನ ಅಂಗಾಲಿಗೆ ಕಾಗದದ ಚೂರು ತಾಗಿಸಿದರೆ ಅದು ಕಾಲನ್ನು ಎಳೆದುಕೊಂಡು ಬೆರಳುಗಳನ್ನು ಮಡಚಿತು ಅಂತಲೂ ಬರೆದ. ಈ ಟಿಪ್ಪಣಿಗಳನ್ನು ಅವನು ಪ್ರಕಟಿಸಿದ್ದು 1877ರಲ್ಲಿ, ಮಗನಿಗೆ 37 ತುಂಬಿದ ಮೇಲೆ. ಅಂಥದೊಂದು ಪ್ರಯೋಗವನ್ನು ನಮ್ಮ ಕೂಸಿನ ಮೇಲೆ ನಾನೂ ಮಾಡಿದೆ. ನನ್ನ ಬೆರಳನ್ನೇ ಅವನ ಕಾಲ್ಬೆರಳುಗಳ ಬುಡದಲ್ಲಿ ಮೆಲ್ಲಗೆ ಒತ್ತಿದೆ. ಐದೂ ಪುಟ್ಟ ಬೆರಳುಗಳು ಬಾಗಿ ನನ್ನ ಬೆರಳನ್ನು ತಬ್ಬಿಕೊಂಡವು. ಕಾಲು ಕೂಡ ಹಿಡಿಯಲು ನೋಡುತ್ತದೆ! ನಡೆಯಲು ಹುಟ್ಟಿದ ಕಾಲಿಗೆ ಹಿಡಿಯುವ ಕೆಲಸ ಯಾಕೆ ಅಲ್ವಾ?

ಈ ಹಿಡಿತವನ್ನು ತಾಯಿಯ ಮೈಕೂದಲಿಗೆ ನೇರವಾಗಿ ಜೋಡಿಸಿದವನು ಲೂಯಿಸ್ ರಾಬಿನ್ಸನ್ ಅನ್ನುವ ಇಂಗ್ಲಿಷ್ ಡಾಕ್ಟರು. ಡಾರ್ವಿನ್ ಸತ್ತು ಒಂಬತ್ತು ವರ್ಷದ ಮೇಲೆ, 1891ರಲ್ಲಿ, ಅವನ ಲೇಖನ ಬಂತು. ಅವನು 60 ಕೂಸುಗಳನ್ನು ಪರೀಕ್ಷೆ ಮಾಡಿದ್ದ. ಎಲ್ಲ ಹೊಸದಾಗಿ ಹುಟ್ಟಿದವು. ಕೆಲವಕ್ಕೆ ಹುಟ್ಟಿ ಒಂದು ಗಂಟೆಯೂ ಆಗಿರಲಿಲ್ಲ. ಮುಕ್ಕಾಲು ಇಂಚು ದಪ್ಪದ ಕೋಲನ್ನೋ ತನ್ನ ಬೆರಳನ್ನೋ ಅಂಗೈಗೆ ಕೊಟ್ಟು, ಮೇಲೆತ್ತಿ, ಎಷ್ಟು ಹೊತ್ತು ಜೋತಾಡುತ್ತವೆ ಅಂತ ಗಡಿಯಾರ ನೋಡಿದ. ಇಬ್ಬರನ್ನು ಬಿಟ್ಟು ಎಲ್ಲರೂ ಕನಿಷ್ಠ 10 ಸೆಕೆಂಡು ತಮ್ಮ ಪೂರ್ತಿ ಭಾರ ಹೊತ್ತರು. ನಾಲ್ಕು ದಿನದವು ಹೆಚ್ಚಿನವು ಅರ್ಧ ನಿಮಿಷ. ಮೂರು ವಾರದ ಒಂದು ಕೂಸು 2 ನಿಮಿಷ 35 ಸೆಕೆಂಡು. ನಮ್ಮ ಕೂಸಿನದೂ ಅದೇ ವಯಸ್ಸು. ಜಡೆಯ ಜೊತೆ ಅವನ ಭುಜ ಮೇಲೆ ಬಂದದ್ದು ನೆನಪಾಗಿ ಎದೆ ಝಲ್ಲೆಂದಿತು. ಇವತ್ತು ಯಾವ ಆಸ್ಪತ್ರೆಯೂ ಇಂಥ ಪ್ರಯೋಗಕ್ಕೆ ಒಪ್ಪುವುದಿಲ್ಲ, ಒಪ್ಪಬಾರದು. ಮನೆಯಲ್ಲಿ ದಯವಿಟ್ಟು ಯಾರೂ ಮಾಡಿ ನೋಡಬೇಡಿ. ಅಂಗೈಗೆ ಒಂದು ಬೆರಳು ಕೊಟ್ಟರೆ ಸಾಕು, ಆ ಬಲ ಗೊತ್ತಾಗುತ್ತದೆ.

ರಾಬಿನ್ಸನ್ ಇನ್ನೊಂದನ್ನೂ ಗಮನಿಸಿದ. ಜೋತಾಡುವಾಗ ಕೂಸುಗಳ ಕಾಲು ಕೆಳಗೆ ಇಳಿಬೀಳುವುದಿಲ್ಲ. ತೊಡೆಗಳು ಮಡಚಿ ಮುಂದಕ್ಕೆ ಬರುತ್ತವೆ, ಮರ ಅಪ್ಪಿಕೊಂಡ ಹಾಗೆ. ಮರದಿಂದ ಮರಕ್ಕೆ ಹೋಗುವ ತಾಯಿಯ ಮೈಗೆ ಅಂಟಿಕೊಂಡಿರಬೇಕಾದ ಮರಿಗೆ ಈ ಹಿಡಿತವೇ ಜೀವ. ತಾಯಿಗೆ ಎರಡೂ ಕೈ ಕೊಂಬೆಗೆ ಬೇಕು, ಮರಿಯನ್ನು ಹಿಡಿಯಲು ಅವಳಿಗೆ ಕೈ ಉಳಿಯುವುದಿಲ್ಲ. ಬಿಟ್ಟ ಮರಿ ಬಿತ್ತು, ಹಿಡಿದದ್ದು ಬದುಕಿತು. ಹಿಡಿದವುಗಳ ಮಕ್ಕಳ ಮಕ್ಕಳು ನಾವು. ರಾತ್ರಿ ಕೂಸು ನಿದ್ದೆಯಲ್ಲಿ ಬೆಚ್ಚಿಬೀಳುತ್ತದಲ್ಲ, ಎರಡೂ ತೋಳು ಚಾಚಿ ಆಮೇಲೆ ಅಪ್ಪಿಕೊಳ್ಳುವ ಹಾಗೆ ಒಳಗೆ ತರುತ್ತದಲ್ಲ, ಅದನ್ನು 1918ರಲ್ಲಿ ಎರ್ನ್ಸ್ಟ್ ಮೋರೋ ಅನ್ನುವ ಮಕ್ಕಳ ವೈದ್ಯ ಇದೇ ಸಾಲಿಗೆ ಸೇರಿಸಿದ. ಕೂಸು ಬೀಳುತ್ತಿದ್ದೇನೆ ಅಂತ ತಿಳಿದು ತಾಯಿಯನ್ನು ಅಪ್ಪಲು ನೋಡುತ್ತದೆ. ಮಕ್ಕಳ ಡಾಕ್ಟರು ಇವತ್ತಿಗೂ ಅವನ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಅಜ್ಜಿ ಕೂಸನ್ನು ಹಳೆ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದು ಈ ಬೆಚ್ಚುವುದು ನಿಲ್ಲಲಿ ಅಂತಲೇ.

ಮೊಣಕೈ ತುದಿಯ ಹನಿ

ಮರುದಿನ ಮಧ್ಯಾಹ್ನ ತೋಟದ ಕಡೆ ಹೋಗಿದ್ದೆ. ವಾಪಸು ಬರುವಾಗ ಮಳೆ ಜೋರಾಯಿತು. ಕೊಡೆ ಇರಲಿಲ್ಲ. ಎರಡೂ ಕೈ ತಲೆ ಮೇಲಿಟ್ಟುಕೊಂಡು ಓಡಿ ಬಂದು ಕೊಟ್ಟಿಗೆಯ ಸೂರಿನ ಕೆಳಗೆ ನಿಂತೆ. ಕೈ ಇನ್ನೂ ತಲೆ ಮೇಲೇ ಇತ್ತು. ನೀರು ಎರಡೂ ಮೊಣಕೈಗಳ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕೈ ಇಳಿಸಿ ನೋಡಿದೆ. ಒದ್ದೆಯಾದ ಕೂದಲು ಚರ್ಮಕ್ಕೆ ಅಂಟಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ರಟ್ಟೆಯ ಕೂದಲು ಮೊಣಕೈ ಕಡೆಗೆ ಕೆಳಮುಖ. ಸರಿ. ಆದರೆ ಮುಂಗೈಯಲ್ಲಿ, ಕಿರುಬೆರಳಿನ ಕಡೆಯ ಅಂಚಿನಲ್ಲಿ, ಕೂದಲು ಬೆರಳಿನ ಕಡೆಗೆ ಹೋಗುತ್ತಿಲ್ಲ. ಅದೂ ಮೊಣಕೈ ಕಡೆಗೇ ತಿರುಗಿದೆ. ಮೇಲಿನಿಂದ ಒಂದು, ಕೆಳಗಿನಿಂದ ಒಂದು, ಎರಡೂ ಮೊಣಕೈಗೆ ಬಂದು ಕೂಡುತ್ತವೆ. ನೀವೂ ಒಮ್ಮೆ ಬೆಳಕಿಗೆ ಹಿಡಿದು ನೋಡಿಕೊಳ್ಳಿ.

ಡಾರ್ವಿನ್ 1871ರ 'ಡಿಸೆಂಟ್ ಆಫ್ ಮ್ಯಾನ್'ನಲ್ಲಿ ಇದರ ಬಗ್ಗೆ ಬರೆದಿದ್ದಾನೆ. ಹೆಚ್ಚಿನ ಪ್ರಾಣಿಗಳಲ್ಲಿ ಕೂದಲು ಹೀಗಿರುವುದಿಲ್ಲ. ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್‌ಗಳಲ್ಲಿ ನಮ್ಮ ಹಾಗೇ ಇದೆ. ಕಾರಣ ಸೂಚಿಸಿದವನು ವ್ಯಾಲೇಸ್. ಬೋರ್ನಿಯೋದ ಕಾಡಿನಲ್ಲಿ ಮಳೆ ಸುರಿಯುವಾಗ ಒರಾಂಗುಟಾನ್ ತೋಳು ಮಡಚಿ, ಕೊಂಬೆ ಹಿಡಿದೋ ತಲೆ ಮೇಲೆ ಕೈ ಕಟ್ಟಿಯೋ ಕೂರುತ್ತದೆ. ಆಗ ಮೊಣಕೈಯೇ ಕೆಳತುದಿ. ಕೂದಲೆಲ್ಲ ಆ ಕಡೆ ತಿರುಗಿದ್ದರೆ ನೀರು ಮೈಗೆ ಇಳಿಯದೆ ಅಲ್ಲಿಂದ ಜಾರಿ ಹೋಗುತ್ತದೆ. ನಮ್ಮ ಕಡೆ ಅಡಿಕೆ ಸೋಗೆ ಹೊದಿಸುವಾಗ ಮಾಡಿನ ಇಳಿಜಾರು ನೋಡಿಕೊಂಡು ಹೊದಿಸುತ್ತಾರಲ್ಲ, ಹಾಗೆ. ಡಾರ್ವಿನ್ ಇದನ್ನು ಹಾಗೇ ನುಂಗಲಿಲ್ಲ. ಕೂದಲು ಹೀಗಿರುವುದರಿಂದಲೇ ಪ್ರಾಣಿ ಹಾಗೆ ಕೂರುವುದನ್ನು ಕಲಿತಿರಬಹುದಲ್ಲ, ಯಾವುದು ಮೊದಲು ಅಂತ ತನ್ನನ್ನೇ ಕೇಳಿಕೊಂಡ. ನೆಟ್ಟಗೆ ನಿಲ್ಲುವ ನಮಗೆ ಈ ದಿಕ್ಕು ಮಳೆಗೆ ಸರಿ ಹೊಂದುವುದೂ ಇಲ್ಲ ಅಂದ. ವ್ಯಾಲೇಸ್ ಹೇಳಿದ್ದು ನಿಜವಾದರೆ ನಮ್ಮ ಮುಂಗೈ ಕೂದಲು ನಾವು ಹಿಂದೆ ಇದ್ದ ಸ್ಥಿತಿಯ ಒಂದು ದಾಖಲೆ ಅಂತ ಬರೆದ. ಈ 'ನಿಜವಾದರೆ' ಅನ್ನುವ ಮಾತಿಗಾಗಿಯೇ ನನಗೆ ಡಾರ್ವಿನ್ ಇಷ್ಟ. ಕಥೆ ಎಷ್ಟೇ ಚೆನ್ನಾಗಿದ್ದರೂ ಅವನು ಅದರ ಮುಂದೆ ಒಂದು ಬಾಗಿಲು ತೆರೆದಿಡುತ್ತಾನೆ.

ಬೆನ್ನಿನ ಪ್ರಶ್ನೆ

ಕೊಟ್ಟಿಗೆಯ ಗೋಡೆಗೆ ಅಜ್ಜಿಯ ಹಳೆಯ ಗೊರಬು ನೇತುಹಾಕಿದ್ದರು. ಈಗ ಯಾರೂ ಹಾಕುವುದಿಲ್ಲ, ಎಲ್ಲರದೂ ಪ್ಲಾಸ್ಟಿಕ್. ಬಿದಿರಿನ ಸೀಳು ಹೆಣೆದು ನಡುವೆ ಎಲೆ ತುಂಬಿ ಮಾಡುತ್ತಿದ್ದ ಅದು ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚುತ್ತದೆ. ಮುಂದುಗಡೆ ಏನೂ ಇಲ್ಲ. ಗದ್ದೆಯಲ್ಲಿ ಬಗ್ಗಿ ಸಸಿ ನೆಡುವಾಗ ಮಳೆ ಬೀಳುವುದು ಬೆನ್ನಿನ ಮೇಲೆ ತಾನೇ? ಗಂಡಸರ ಕಂಬಳಿ ಕೊಪ್ಪೆಯೂ ಅಷ್ಟೇ, ಬೆನ್ನಿಗೇ ಮೊದಲು.

ವ್ಯಾಲೇಸ್‌ನ ತಲೆ ಕೆಡಿಸಿದ್ದು ಇದೇ ಬೆನ್ನು. ಮೈತುಂಬ ಕೂದಲಿರುವ ಪ್ರಾಣಿಗಳಿಗೆ ಬೆನ್ನಿನ ಮೇಲೇ ಕೂದಲು ದಟ್ಟ. ಮಳೆ, ಚಳಿ ಎರಡನ್ನೂ ಅದೇ ತಡೆಯುತ್ತದೆ. ಮನುಷ್ಯನಿಗೆ ಮಾತ್ರ ಬೆನ್ನೇ ಎಲ್ಲಕ್ಕಿಂತ ಬೋಳು. ಬಟ್ಟೆಯ ಹಂಗಿಲ್ಲದ ಜನರು ಕೂಡ ಭುಜಕ್ಕೆ, ಬೆನ್ನಿಗೆ ಏನಾದರೊಂದು ಹೊದೆಯುತ್ತಾರೆ. ಬೀಗಲ್ ಹಡಗಿನಲ್ಲಿ ಹೋದಾಗ ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೋದ ಜನರು ಕರವಸ್ತ್ರದಷ್ಟು ಚರ್ಮವನ್ನು ಬೆನ್ನಿಗೆ ಕಟ್ಟಿಕೊಂಡು ಗಾಳಿ ಬೀಸಿದ ಕಡೆಗೆ ಸರಿಸಿಕೊಳ್ಳುವುದನ್ನು ಡಾರ್ವಿನ್ ಕಂಡಿದ್ದ. ಅಂದರೆ ಬೆನ್ನಿನ ಕೂದಲು ಹೋದದ್ದರಿಂದ ಮನುಷ್ಯನಿಗೆ ತೊಂದರೆಯೇ ಆಯಿತು. ಬದುಕಲು ನೆರವಾಗುವ ಗುಣ ಪೀಳಿಗೆಯಿಂದ ಪೀಳಿಗೆಗೆ ಉಳಿಯುತ್ತದೆ ಅನ್ನುವುದೇ ನಿಸರ್ಗದ ಆಯ್ಕೆ, ಡಾರ್ವಿನ್ ಮತ್ತು ವ್ಯಾಲೇಸ್ ಬೇರೆ ಬೇರೆಯಾಗಿ ಕಂಡುಕೊಂಡ ತತ್ವ. ತೊಂದರೆ ಕೊಡುವುದನ್ನು ಅದು ಉಳಿಸುವುದಿಲ್ಲ. ಹಾಗಾದರೆ ಇದು ಹೇಗಾಯಿತು? 1870ರಲ್ಲಿ ಬಂದ ಪ್ರಬಂಧದಲ್ಲಿ ವ್ಯಾಲೇಸ್ ಉತ್ತರ ಕೊಟ್ಟ. ಬೋಳು ಚರ್ಮ, ದೊಡ್ಡ ಮೆದುಳು, ಕೈ, ಹಾಡುವ ಗಂಟಲು, ಇವಕ್ಕೆ ನಿಸರ್ಗದ ಆಯ್ಕೆ ಸಾಲದು. ಯಾವುದೋ ಮೇಲಿನ ಬುದ್ಧಿಯೊಂದು ಮನುಷ್ಯನನ್ನು ರೂಪಿಸಿದೆ.

ಹಿಂದಿನ ವರ್ಷವೇ ಒಂದು ಪತ್ರಿಕಾ ಲೇಖನದಲ್ಲಿ ಅವನು ಈ ದಾರಿ ಹಿಡಿದಿದ್ದ. ಓದಿದ ಡಾರ್ವಿನ್ ಅಂಚಿನಲ್ಲಿ 'ಇಲ್ಲ' ಅಂತ ಬರೆದು ಅಡಿಗೆರೆ ಎಳೆದ. ಒಂದಲ್ಲ, ಮೂರು ಗೆರೆ. ಆ ಲೇಖನ ಕೈಗೆ ಬರುವ ಮೊದಲೇ, ಏನು ಬರಬಹುದು ಅಂತ ಗೊತ್ತಾಗಿ, 1869ರ ಮಾರ್ಚಿನಲ್ಲಿ ಪತ್ರ ಬರೆದಿದ್ದ: ನಿಮ್ಮದೂ ನನ್ನದೂ ಆದ ಕೂಸನ್ನು ನೀವು ಪೂರ್ತಿ ಕೊಂದುಬಿಟ್ಟಿಲ್ಲ ತಾನೇ? ಅದೇ ವರ್ಷ ವ್ಯಾಲೇಸ್‌ನ ಬೋರ್ನಿಯೋ ಪುಸ್ತಕ ಅಚ್ಚಾಗಿತ್ತು. ಅದನ್ನು ಅವನು ಡಾರ್ವಿನ್‌ಗೇ ಅರ್ಪಿಸಿದ್ದ. ಆ ಪತ್ರದ 'ಕೂಸು' ಅನ್ನುವ ಮಾತು ಓದಿದಾಗೆಲ್ಲ ನನಗೆ ಕೆಸರಿನಲ್ಲಿ ಬಿದ್ದ ಮರಿಯೇ ಕಣ್ಣಿಗೆ ಬರುತ್ತದೆ.

ನನಗೆ ನಿಜವಾಗಿ ಬೇಜಾರಾಗುವುದು ಇಲ್ಲಿ. ಆ ಹಿಡಿತವನ್ನು ತನ್ನ ಗಡ್ಡದಲ್ಲೇ ಅನುಭವಿಸಿದವನು ವ್ಯಾಲೇಸ್. ಮುಂಗೈ ಕೂದಲಿಗೆ ಕಾರಣ ಹುಡುಕಿದವನೂ ಅವನೇ. ಒರಾಂಗುಟಾನ್ ಜೊತೆ ನಮಗಿರುವ ನಂಟನ್ನು ಅವನಷ್ಟು ಹತ್ತಿರದಿಂದ ಆ ಕಾಲದ ಇನ್ಯಾವ ವಿಜ್ಞಾನಿಯೂ ಮುಟ್ಟಿ ನೋಡಿರಲಿಲ್ಲ. ಅವನೇ ಮನುಷ್ಯನ ಬಾಗಿಲಿಗೆ ಬಂದು ನಿಂತುಬಿಟ್ಟ. 1865ರಿಂದ ಅವನು ಪ್ರೇತಗಳನ್ನು ಕರೆಯುವ ಕೂಟಗಳಿಗೆ ಹೋಗುತ್ತಿದ್ದ, ಅದರಿಂದಲೇ ಹೀಗಾಯಿತು ಅಂತ ಎಷ್ಟೋ ಜನ ಬರೆದಿದ್ದಾರೆ. ಅದೂ ಇರಬಹುದು. ನನಗೆ ಅನ್ನಿಸುವುದು ಬೇರೆ. ಪ್ರತಿಯೊಂದಕ್ಕೂ ಒಂದು ಉಪಯೋಗ ಇರಲೇಬೇಕು ಅನ್ನುವುದರಲ್ಲಿ ವ್ಯಾಲೇಸ್ ಡಾರ್ವಿನ್‌ಗಿಂತ ಬಿಗಿ. ಆ ಬಿಗಿಯೇ ಅವನ ಶಕ್ತಿ. ಬೆನ್ನಿನ ವಿಷಯದಲ್ಲಿ ಅದೇ ಅವನನ್ನು ಗೋಡೆಗೆ ತಂದು ನಿಲ್ಲಿಸಿತು. ಅವನು ಸೋಮಾರಿ ಉತ್ತರ ಕೊಡಲಿಲ್ಲ. ಪ್ರಶ್ನೆ ಸರಿಯಾಗೇ ಇತ್ತು.

ಯಾಕೆಂದರೆ ಡಾರ್ವಿನ್ ಹತ್ತಿರವೂ ಒಳ್ಳೆಯ ಉತ್ತರ ಇರಲಿಲ್ಲ. ಬೋಳು ಮೈಯಿಂದ ಮನುಷ್ಯನಿಗೆ ನೇರ ಲಾಭವಿಲ್ಲ ಅಂತ ಅವನೂ ಒಪ್ಪಿದ. ಬಿಸಿಲಿನಿಂದ ಕೂದಲು ಹೋಗಿರಬಹುದೇ ಅಂತ ಯೋಚಿಸಿ, ಬಿಸಿ ನಾಡಿನ ಕೋತಿಗಳಿಗೆಲ್ಲ ಮೈತುಂಬ ಕೂದಲಿದೆಯಲ್ಲ ಅಂತ ಅದನ್ನು ಬಿಟ್ಟ. ಕೊನೆಗೆ ಚೆಲುವಿಗೆ ಬಂದು ನಿಂತ. ನವಿಲಿಗೆ ಗರಿ ಬಂದ ಹಾಗೆ ನಮಗೆ ನುಣುಪು ಚರ್ಮ ಬಂತು, ಕಡಿಮೆ ಕೂದಲಿನ ಸಂಗಾತಿಯನ್ನೇ ಆರಿಸಿ ಆರಿಸಿ ಹೀಗಾಯಿತು ಅಂದ. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ನವಿಲಿನ ಗರಿ ಗಂಡಿಗೆ ಮಾತ್ರ, ಬೋಳು ಮೈ ಇಬ್ಬರಿಗೂ. ಹೆಣ್ಣಿಗೆ ಮೊದಲು ಬಂದದ್ದು ಗಂಡು, ಹೆಣ್ಣು ಮಕ್ಕಳಿಬ್ಬರಿಗೂ ಇಳಿಯಿತು ಅಂತ ಡಾರ್ವಿನ್ ಹೇಳಿದ್ದು ತೇಪೆ ಹಾಕಿದ ಹಾಗಿದೆ. 1874ರಲ್ಲಿ ಥಾಮಸ್ ಬೆಲ್ಟ್ ಅನ್ನುವವನು ನಿಕರಾಗುವಾದ ಅನುಭವದಿಂದ ರಕ್ತ ಹೀರುವ ಉಣ್ಣೆ ಹುಳದ ಮಾತು ತೆಗೆದ. ಕೂದಲಿಲ್ಲದಿದ್ದರೆ ಉಣ್ಣೆ, ಹೇನು ಕೂರುವುದಿಲ್ಲ ಅಂದ. ನಮ್ಮ ಕಾಡಿನಲ್ಲಿ ಓಡಾಡಿ ಉಣ್ಣೆ ಕಚ್ಚಿಸಿಕೊಂಡವರಿಗೆ ಆ ಮಾತು ತಕ್ಷಣ ಅರ್ಥವಾಗುತ್ತದೆ. ಹಾಗಿದ್ದರೆ ಅದೇ ಕಾಡಿನ ಬೇರೆ ಪ್ರಾಣಿಗಳಿಗೆ ಯಾಕೆ ಕೂದಲು ಹೋಗಲಿಲ್ಲ ಅಂತ ಡಾರ್ವಿನ್ ಕೇಳಿದ.

ಅವರು ಯಾರೂ ಬೆವರನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಚಿಂಪಾಂಜಿಗಿಂತ ಸುಮಾರು ಹತ್ತು ಪಟ್ಟು ದಟ್ಟ. ದಟ್ಟ ಕೂದಲಿದ್ದರೆ ಬೆವರು ಕೂದಲಲ್ಲೇ ಉಳಿಯುತ್ತದೆ, ಚರ್ಮ ತಣ್ಣಗಾಗುವುದಿಲ್ಲ. ಬಿಸಿ ನಾಡಿನ ಕೋತಿಗಳು ಬಹುಪಾಲು ಮರದ ನೆರಳಿನಲ್ಲಿರುತ್ತವೆ. ನಮ್ಮ ಹಿರಿಯರು ಆಫ್ರಿಕಾದ ಬಯಲಿಗೆ ಇಳಿದು, ಉರಿಬಿಸಿಲಿನಲ್ಲಿ ಮೈಲುಗಟ್ಟಲೆ ನಡೆದವರು, ಓಡಿದವರು. ಅವರಿಗೆ ಬೋಳು ಬೆನ್ನೇ ಲಾಭ. ನೆತ್ತಿಗೆ ಮಾತ್ರ ನೇರ ಬಿಸಿಲು, ಅಲ್ಲಿ ಕೂದಲು ಉಳಿಯಿತು. ಇನ್ನೊಂದು ಮಾತು. ನಾವು ನಿಜವಾಗಿ ಬೋಳಲ್ಲ. ಕೂದಲಿನ ಬೇರುಗಳ ಲೆಕ್ಕದಲ್ಲಿ ನಾವೂ ಚಿಂಪಾಂಜಿಯೂ ಹೆಚ್ಚುಕಡಿಮೆ ಸಮ. ನಮ್ಮ ಕೂದಲು ಸಣ್ಣದಾಗಿದೆ, ತೆಳುವಾಗಿದೆ, ಅಷ್ಟೇ. ಹೊಟ್ಟೆಯೊಳಗಿನ ಕೂಸಿಗೆ ಐದಾರು ತಿಂಗಳಿಗೆ ಮೈತುಂಬ ನವಿರು ಕೂದಲು ಬಂದು, ಹುಟ್ಟುವ ಮೊದಲು ಬಹುಪಾಲು ಉದುರುತ್ತದೆ. ನಮ್ಮ ಕೂಸಿನ ಬೆನ್ನ ಮೇಲೆ, ಭುಜದ ಮೇಲೆ ಸ್ವಲ್ಪ ಉಳಿದಿತ್ತು. ಅಜ್ಜಿ ಕಡಲೆಹಿಟ್ಟು ಹಾಕಿ ದಿನಾ ಉಜ್ಜುತ್ತಿದ್ದಳು. ಉಜ್ಜದಿದ್ದರೂ ಅದು ಉದುರುತ್ತಿತ್ತು. ನಾನು ಹೇಳಲು ಹೋಗಲಿಲ್ಲ.

ತಾಯಿಯ ಮೈಯ ಕೂದಲು ಹೋಯಿತು. ಕೂಸಿನ ಕೈಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಲಕ್ಷಾಂತರ ವರ್ಷಗಳಿಂದ ಅದು ಹುಟ್ಟಿದ ದಿನವೇ ಮುಚ್ಚಿಕೊಂಡು ಕಾಯುತ್ತದೆ. ಹಿಡಿಯಲು ಏನೂ ಇಲ್ಲದ್ದರಿಂದ ತಾಯಿಯೇ ಹಿಡಿದುಕೊಳ್ಳಬೇಕಾಯಿತು. ಸೊಂಟದ ಮೇಲೆ ಕೂರಿಸಿಕೊಂಡಳು, ಬಟ್ಟೆಯಲ್ಲಿ ಕಟ್ಟಿಕೊಂಡಳು, ತೊಟ್ಟಿಲಿಗೆ ಹಾಕಿದಳು. ತಂಗಿ ಆ ವಾರವಿಡೀ ರಾತ್ರಿ ಎರಡು ಗಂಟೆಗೆ, ನಾಲ್ಕು ಗಂಟೆಗೆ ಎದ್ದು ಕೂಸನ್ನು ಎತ್ತಿಕೊಂಡು ಓಡಾಡುವುದನ್ನು ನೋಡಿದೆ. ಅವಳ ತೋಳು ನೋಯುತ್ತಿತ್ತು. ಒರಾಂಗುಟಾನ್ ತಾಯಿಗೆ ಈ ನೋವಿಲ್ಲ. ಅವಳ ಮರಿ ತಾನೇ ಹಿಡಿದುಕೊಳ್ಳುತ್ತದೆ. "ಸ್ವಲ್ಪ ಹೊತ್ತು ನೀನು ಎತ್ತಿಕೋ ಅಕ್ಕ," ಅಂತ ಕೊಟ್ಟಳು. ನನ್ನ ಭುಜದ ಮೇಲೆ ತಲೆಯಿಟ್ಟು, ನೈಟಿಯ ಕಾಲರನ್ನು ಬಿಗಿಯಾಗಿ ಹಿಡಿದು ಮಲಗಿದ.

ದೀಪಾವಳಿಗೆ ಮತ್ತೆ ಊರಿಗೆ ಹೋದೆ. ಅವನಿಗೆ ಆಗ ನಾಲ್ಕು ತಿಂಗಳು ದಾಟಿತ್ತು. ಕವುಚಿ ಮಲಗಿ, ಕುತ್ತಿಗೆ ಎತ್ತಿ ಎಲ್ಲರನ್ನೂ ನೋಡುತ್ತಿದ್ದ. ಚಾಪೆಯ ಮೇಲೆ ಅವನ ಪಕ್ಕ ಮಲಗಿ ಅಂಗೈಗೆ ಬೆರಳು ಕೊಟ್ಟೆ. ಕೈ ಮುಚ್ಚಲಿಲ್ಲ. ಸುಮ್ಮನೆ ತೆರೆದೇ ಇತ್ತು. ಅವನು ಬೆರಳನ್ನು ನೋಡಿದ, ನನ್ನ ಮುಖ ನೋಡಿದ, ಆಮೇಲೆ ಅದನ್ನು ಬಿಟ್ಟು, ಚಾಪೆ ಮೇಲೆ ಬಿದ್ದಿದ್ದ ಜಡೆಯ ಕಡೆಗೆ ಕೈ ಚಾಚಿದ. ಎರಡು ಸಲ ತಪ್ಪಿತು. ಮೂರನೇ ಸಲ ಸಿಕ್ಕಿತು. ನಾನು ಅಜ್ಜಿ ಹೇಳಿಕೊಟ್ಟ ಹಾಗೆ ಅವನ ಕೈ ಬೆನ್ನು ಸವರಿದೆ. ಬಿಡಲಿಲ್ಲ. ಇನ್ನೊಮ್ಮೆ ಸವರಿದೆ. ನಗುತ್ತ, ಜಡೆಯನ್ನು ಬಾಯಿಗೆ ಹಾಕಿಕೊಂಡ.